ಸಮಸ್ಯೆ: ಬೆಟ್ಟದಾಚೆಗೆ ನನ್ನ ಬೆರಳು ಕಂಡಿತ್ತು

ಸಮಸ್ಯೆ ಕೊಟ್ಟವನು, ಚೀನಾದ ನಾಂಚಾಂಗಿನಿಂದ:

ಎಲ್ಲರಿಗೂ ನಮಸ್ಕಾರ. ಒಬ್ಬರು ಕೊಟ್ಟ ಸಾಲಿಗೆ ಉಳಿದವರು ಪದ್ಯ ಕಟ್ಟುವ ನಮ್ಮ ಸಮಸ್ಯಾಪೂರಣದಲ್ಲಿ ಈ ವಾರ ಸಾಲು ಕೊಡುವ ಸರದಿ ನನ್ನದು. ತಗೊಳ್ಳಿ:

ಬೆಟ್ಟದಾಚೆಗೆ ನನ್ನ ಬೆರಳು ಕಂಡಿತ್ತು

ಇದೇ ಕೊನೆಯ ಸಾಲಾಗುವ ಹಾಗೆ ಚೌಪದಿಯಲ್ಲಿ, ಅಂದರೆ ನಾಲ್ಕು ಸಾಲಿನ ಪದ್ಯದಲ್ಲಿ, ಪೂರೈಸಬೇಕು. ಸಾಲಿಗೆ ಐದೈದು ಮಾತ್ರೆಯ (ಉಚ್ಚಾರದ ಅಳತೆಯ) ಮೂರು ಗಣ (ಗುಂಪು), ಕೊನೆಗೊಂದು ಮೂರು ಮಾತ್ರೆ. ಆದಿಪ್ರಾಸ ‘ಟ್ಟ’, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ‘ಟ್ಟ’ ಬರಬೇಕು. ಅದನ್ನು ಬಿಡುವ ಹಾಗಿಲ್ಲ.

ಸಾಲು ಎಲ್ಲಿ ಸಿಕ್ಕಿತು ಅಂತ ಮಾತ್ರ ಹೇಳುತ್ತೇನೆ. ಶನಿವಾರ ಬೆಳಗಿನ ರೈಲು ಹಿಡಿದು ಜಿಂಗ್‌ದೆಜೆನ್‌ಗೆ ಹೋಗಿದ್ದೆ. ಪಿಂಗಾಣಿಯ ಊರು. ಚೀನಾದ ಸೊಂಗ್ ವಂಶದ ದೊರೆಯೊಬ್ಬ 1004ರಲ್ಲಿ ತನ್ನ ಆಳ್ವಿಕೆಯ ಹೆಸರಾದ ‘ಜಿಂಗ್‌ದೆ’ಯನ್ನೇ ಈ ಊರಿಗೆ ಕೊಟ್ಟ. ಬೀದಿ ದೀಪದ ಕಂಬಕ್ಕೂ ಇಲ್ಲಿ ಪಿಂಗಾಣಿಯ ಹೊದಿಕೆ. ಹಳೇ ಓಣಿಗಳ ಗೋಡೆ ನೋಡಬೇಕು ನೀವು. ಭಟ್ಟಿ ಹಳತಾದಾಗ ಕೆಡವಿದ ಇಟ್ಟಿಗೆಯನ್ನೇ ಮನೆಗೆ ಹಾಕಿದ್ದಾರೆ. ಬೆಂಕಿ ತಿಂದ ಇಟ್ಟಿಗೆ. ಕೆಲವು ಕಡೆ ಕಪ್ಪು, ಕೆಲವು ಕಡೆ ಗಾಜಿನ ಹಾಗೆ ಹೊಳೆಯುತ್ತದೆ. ಕೈಯಿಟ್ಟು ಸುಮ್ನೆ ನಿಂತುಬಿಟ್ಟೆ.

ಸಂಜೆ ಚಾಂಗ್ ನದಿಯ ಹತ್ತಿರ ಒಂದು ಪುಟ್ಟ ಅಂಗಡಿ. ಅಲ್ಲಿ ಒಬ್ಬ ಅಜ್ಜಿ ನನ್ನ ಕೈಗೆ ಏನೋ ಕೊಟ್ಟರು. ಆಗ ಈ ಸಾಲು ಬಾಯಿಗೆ ಬಂತು. ಏನು ಕೊಟ್ಟರು ಅಂತ ನೀವೇ ಹೇಳಿ.

ಧಾರವಾಡದ ಅಕ್ಕ:

ತಮ್ಮಾ, ಅಜ್ಜಿ ಕೊಟ್ಟದ್ದು ಚಹಾದ ಬಟ್ಟಲು. ಅಲ್ವಾ?

ಕುಟ್ಟಿದರು ಕಲ್ಲುಗಳ ಹಿಟ್ಟಾಗುವಂತೆ
ಮುಟ್ಟಿದರು ತಿಗುರಿಯಲಿ, ಬಟ್ಟಲಾಯ್ತಾಗ
ಸುಟ್ಟರೂ ಕರಗದದು, ಬೆಳಕಿಗೆತ್ತಿರಲು
ಬೆಟ್ಟದಾಚೆಗೆ ನನ್ನ ಬೆರಳು ಕಂಡಿತ್ತು

ಬೆಟ್ಟದ ಕಲ್ಲೇ ಬಟ್ಟಲಾಗಿದೆ, ಅದರ ಆ ಕಡೆ ಹಿಡಿದ ಬೆರಳು ಈ ಕಡೆಗೆ ಕಾಣುತ್ತದೆ. ಇಷ್ಟೇ ನನ್ನ ಲೆಕ್ಕ.

ಮೈಸೂರಿನ ಮೇಷ್ಟ್ರು:

ಭೇಷ್ ಅಮ್ಮ. ‘ಸುಟ್ಟರೂ ಕರಗದದು’ ಅನ್ನುವಲ್ಲಿ ಪಿಂಗಾಣಿಯ ಗುಟ್ಟೇ ಇದೆ. ಅದಕ್ಕೆ ಎರಡು ವಸ್ತು ಬೇಕು. ಒಂದು ಪಿಂಗಾಣಿ ಕಲ್ಲಿನ ಪುಡಿ, ಇನ್ನೊಂದು ಬಿಳಿ ಜೇಡಿ. ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಲ್ಲಿನ ಪುಡಿ ಕರಗಿ ಗಾಜಿನಂತಾಗುತ್ತದೆ. ಬಿಳಿ ಜೇಡಿ ಮಾತ್ರ ಗಟ್ಟಿಯಾಗಿ ನಿಂತು ಪಾತ್ರೆ ಕುಸಿಯದ ಹಾಗೆ ಹಿಡಿದುಕೊಳ್ಳುತ್ತದೆ. ಫ್ರಾನ್ಸಿನ ಪಾದ್ರಿ ದಾಂತ್ರಕೋಲ್ ಅಲ್ಲೇ ಇದ್ದುಕೊಂಡು 1712ರಲ್ಲಿ ಪಿಂಗಾಣಿ ಮಾಡುವ ಬಗೆಯನ್ನು ವಿವರಿಸಿ ಊರಿಗೆ ಪತ್ರ ಬರೆದರು. ಕಲ್ಲು ಮಾಂಸ, ಜೇಡಿ ಎಲುಬು ಅನ್ನುವ ಹೋಲಿಕೆ ಆಗಲೇ ಅಲ್ಲಿನ ಕುಂಬಾರರಲ್ಲಿ ಇತ್ತು.

ಆ ಜೇಡಿಗೆ ನಾವು ಕೆಯೊಲಿನ್ ಅನ್ನುತ್ತೇವಲ್ಲ, ಅದು ಜಿಂಗ್‌ದೆಜೆನ್ ಹತ್ತಿರದ ಗಾವ್‌ಲಿಂಗ್ ಅನ್ನುವ ಜಾಗದ ಹೆಸರು. ಚೀನೀ ಭಾಷೆಯಲ್ಲಿ ಗಾವ್‌ಲಿಂಗ್ ಅಂದರೆ ಎತ್ತರದ ಬೆಟ್ಟಸಾಲು. ಹಾಗಾಗಿ ಬಟ್ಟಲನ್ನು ಬೆಟ್ಟ ಅಂದರೆ ಅದು ಬರೀ ಉಪಮೆ ಅಲ್ಲ, ನಿಜವಾದ ಮಾತು.

ಸಮಸ್ಯೆ ಕೊಟ್ಟವನು:

ಅಕ್ಕಾ, ಸಿಕ್ಕಿಬಿಟ್ಟೆ. ಬಟ್ಟಲೇ! ಮೊಟ್ಟೆಚಿಪ್ಪಿನಷ್ಟು ತೆಳು. ಮೇಷ್ಟ್ರೇ, ಗಾವ್‌ಲಿಂಗ್ ಅರ್ಥವನ್ನು ನೀವು ಹೇಳುತ್ತೀರಿ ಅಂತಲೇ ನಾನು ಬಾಯಿ ಬಿಟ್ಟಿರಲಿಲ್ಲ.

ಅಕ್ಕನ ಎರಡನೇ ಸಾಲಿನ ಬಗ್ಗೆ ಒಂದು ಮಾತು. ಬಟ್ಟಲು ತೆಳುವಾಗುವುದು ತಿಗುರಿಯಲ್ಲಿ ಎತ್ತುವಾಗ ಅಲ್ಲ. ಅಲ್ಲಿ ಅದು ದಪ್ಪವಾಗಿಯೇ ಏಳುತ್ತದೆ. ಒಣಗಿದ ಮೇಲೆ ಇನ್ನೊಬ್ಬ ಅದನ್ನು ಮತ್ತೆ ತಿರುಗಿಸಿ, ಕಬ್ಬಿಣದ ಅಲಗಿನಿಂದ ಹೆರೆಯುತ್ತಾನೆ. ನಡುನಡುವೆ ಬೆರಳಲ್ಲಿ ತಟ್ಟಿ ಸದ್ದು ಕೇಳುತ್ತಾನೆ. ಎಷ್ಟು ದಪ್ಪ ಉಳಿದಿದೆ ಅಂತ ಕಿವಿಗೆ ಗೊತ್ತಾಗಬೇಕು. ಒಂದು ಸಲ ಜಾಸ್ತಿ ಹೆರೆದರೆ ಅಷ್ಟೂ ದಿನದ ಕೆಲಸ ಹೋಯಿತು. ನಾನು ನೋಡಿದ ಮನುಷ್ಯ ಅರ್ಧ ಗಂಟೆ ತಲೆಯೆತ್ತಲಿಲ್ಲ.

ಮೈಸೂರಿನ ಮೇಷ್ಟ್ರು:

ಸರಿ, ನಾನು ಬೇರೆ ದಾರಿ ಹಿಡಿಯುತ್ತೇನೆ. ಬೆಟ್ಟವನ್ನು ಬಟ್ಟಲಿನ ಮೇಲೆ ಬರೆಯುತ್ತಾರಲ್ಲ, ಆ ಬೆಟ್ಟ ನನ್ನದು.

ಬಟ್ಟಲಿನ ಮೈಮೇಲೆ ನೀಲಿ ಬೆಟ್ಟವಿದೆ
ಪುಟ್ಟ ದೋಣಿಯು, ಮಂಜು, ಪೈನು ಮರ, ಮುಗಿಲು
ದಿಟ್ಟಿಸಲು ದೀಪದಲಿ ತೆಳುಮೈಯನದರ
ಬೆಟ್ಟದಾಚೆಗೆ ನನ್ನ ಬೆರಳು ಕಂಡಿತ್ತು

ಧಾರವಾಡದ ಅಕ್ಕ:

ಮೇಷ್ಟ್ರೇ, ಎರಡನೇ ಸಾಲು ಮಸ್ತ್ ಬಂದಿದೆ. ಕ್ರಿಯಾಪದವೇ ಇಲ್ಲ, ಆದರೂ ಚಿತ್ರ ತುಂಬಿಕೊಂಡಿತು.

ಸಮಸ್ಯೆ ಕೊಟ್ಟವನು:

ಆ ನೀಲಿ ಬರೆಯುವಾಗ ನೀಲಿ ಇರುವುದೇ ಇಲ್ಲ, ಗೊತ್ತಾ? ಕೋಬಾಲ್ಟ್ ಬಣ್ಣ ಹಸಿಯಲ್ಲಿ ಬೂದುಗಪ್ಪು. ಅದರ ಮೇಲೆ ಮೆರುಗು ಹಾಕಿ ಸುಟ್ಟ ಮೇಲೆಯೇ ನೀಲಿ. ಬರೆಯುವವರು ಕಣ್ಣಿಗೆ ಕಾಣದ ಬಣ್ಣವನ್ನು ಮನಸ್ಸಿನಲ್ಲಿಟ್ಟುಕೊಂಡು ಕುಂಚ ಎಳೆಯಬೇಕು. ಮುಂದಿನ ಸಲದ ಸಮಸ್ಯೆ ಇಲ್ಲೇ ಇದೆ ಅನ್ನಿಸುತ್ತದೆ.

ಸಾಗರದ ರಾಯರು:

ತಡವಾಗಿ ಬಂದೆ. ನನಗೆ ಆ ಊರಿನ ಬಟ್ಟಲಿಗಿಂತ ಚೂರು ಜಾಸ್ತಿ ಕಾಡುತ್ತದೆ. ಅರಮನೆಯ ಭಟ್ಟಿಯಲ್ಲಿ ಸಣ್ಣ ಊನ ಕಂಡರೂ ಪಾತ್ರೆಯನ್ನು ಒಡೆದು ಹೂಳುತ್ತಿದ್ದರು. ಈಗ ಅದನ್ನೇ ಅಗೆದು ತೆಗೆದು, ಚೂರಿಗೆ ಚೂರು ಸೇರಿಸಿ ನಿಲ್ಲಿಸಿದ್ದಾರೆ. ನಮ್ಮ ಹಂಪಿಯ ಅಗೆತದಲ್ಲೂ ಚೀನಾ ಪಿಂಗಾಣಿಯ ಚೂರು ಸಿಕ್ಕಿವೆ. ಅಷ್ಟು ದೂರ ಬಂದ ಪಾತ್ರೆಯನ್ನು ಮಾಡಿದವನ ಹೆಸರು ಮಾತ್ರ ಎಲ್ಲೂ ಇಲ್ಲ.

ಒಂದು ಬಟ್ಟಲು ಮುಗಿಯಲು 72 ಕೈ ದಾಟಬೇಕು ಅಂತ ಚೀನಾದ ಲೇಖಕ ಸೊಂಗ್ ಯಿಂಗ್‌ಶಿಂಗ್ 1637ರಲ್ಲಿ ಬರೆದಿಟ್ಟಿದ್ದಾರೆ. ಅಂಚಿನ ಗೆರೆ ಎಳೆಯುವವನು ಬರೀ ಗೆರೆಯನ್ನೇ ಎಳೆಯಬೇಕು. ಹೂವು ಬರೆಯುವ ಕೈ ಬೇರೆ. ನನ್ನ ಪದ್ಯದಲ್ಲಿ ಆ ಗೆರೆಯವನು ಮಾತಾಡುತ್ತಾನೆ. ಬೆಟ್ಟ ಅಂದರೆ ಚೂರಿನ ರಾಶಿ.

ಹುಟ್ಟಿನಿಂದಲು ಒಂದೆ ಗೆರೆಯೆಳೆದೆ ನಾನು
ಭಟ್ಟಿಯಲಿ ಬೆಂದಿತದು, ಹೆಸರುಳಿಯಲಿಲ್ಲ
ಮುಟ್ಟಿದೆಯ ಚೂರೊಂದ ಹೊಳೆದಂಡೆಯಲ್ಲಿ?
ಬೆಟ್ಟದಾಚೆಗೆ ನನ್ನ ಬೆರಳು ಕಂಡಿತ್ತು

ಧಾರವಾಡದ ಅಕ್ಕ:

ರಾಯರೇ, ‘ನನ್ನ ಬೆರಳು’ ಅನ್ನುವುದು ನೋಡುವವನದು ಅಂತಲೇ ನಾವೆಲ್ಲ ಹಿಡಿದುಕೊಂಡಿದ್ದೆವು. ನೀವು ಅದನ್ನು ಮಾಡಿದವನಿಗೆ ಕೊಟ್ಟಿರಿ. ಓದಿ ಗಂಟಲು ಕಟ್ಟಿತು.

ಮೈಸೂರಿನ ಮೇಷ್ಟ್ರು:

ನಾನೂ ಎರಡು ಸಲ ಓದಿದೆ. ಮೂರನೇ ಸಾಲು ಪ್ರಶ್ನೆಯಾದದ್ದರಿಂದ ಕೊಟ್ಟ ಸಾಲು ಅದಕ್ಕೆ ಉತ್ತರವಾಗಿ ನಿಂತಿತು. ಸಮಸ್ಯೆಯ ಸಾಲು ಅಂಟಿಸಿದ ಹಾಗೆ ಕಾಣಬಾರದು ಅನ್ನುವುದು ಇದಕ್ಕೇ.

ಪುಟ್ಟಿ, 9ನೇ ಕ್ಲಾಸು:

ನಾನೂ ಬರೆಯಬಹುದಾ? ನನಗೆ ಇನ್ನೂ ಮಾತ್ರೆ ಸರಿಯಾಗಿ ಬರಲ್ಲ. ಶಾಲೆಯಿಂದ ಕುಂಬಾರರ ಮನೆಗೆ ಕರಕೊಂಡು ಹೋಗಿದ್ದರು, ಅಲ್ಲಿ ಆದದ್ದನ್ನೇ ಚೀನಾದಲ್ಲಿ ಆದ ಹಾಗೆ ಬರೆದೆ. ಮೊದಲ ಸಾಲು ‘ಹಿಟ್ಟಿನಂಥ ಮಣ್ಣು ತಂದರು ಅವರು’. ಎರಡನೇ ಗಣಕ್ಕೇ ಎಡವುತ್ತಿದೆ.

ಮೈಸೂರಿನ ಮೇಷ್ಟ್ರು:

ಖಂಡಿತ ಬರೆಯಮ್ಮ. ‘ಥ ಮಣ್ಣು’ ನಾಲ್ಕೇ ಮಾತ್ರೆ, ಅದಕ್ಕೇ ಕಾಲು ಸಿಕ್ಕಿಹಾಕಿಕೊಂಡಿದೆ. ‘ಹಿಟ್ಟಿನಂತಹ ಮಣ್ಣ ತಂದಿಟ್ಟರವರು’ ಅಂತ ಮಾಡು. ಗಟ್ಟಿಯಾಗಿ ಓದು, ಕಿವಿಯೇ ಹೇಳುತ್ತದೆ. ಉಳಿದದ್ದು ನೀನೇ ಬರಿ.

ಪುಟ್ಟಿ, 9ನೇ ಕ್ಲಾಸು:

ಹಿಟ್ಟಿನಂತಹ ಮಣ್ಣ ತಂದಿಟ್ಟರವರು
ಕೊಟ್ಟರೊಂದುಂಡೆಯನು ನನ್ನ ಕೈಯೊಳಗೆ
ನಟ್ಟೆ ನಾ ಬೆರಳನ್ನು, ತೂತಾಗಿ ಹೋಯ್ತು
ಬೆಟ್ಟದಾಚೆಗೆ ನನ್ನ ಬೆರಳು ಕಂಡಿತ್ತು

ಸಾಗರದ ರಾಯರು:

ಅಯ್ಯೋ ಮಗಳೇ! ಬೆಳಕೂ ಬೇಡ, ಭಟ್ಟಿಯೂ ಬೇಡ. ನೇರವಾಗಿ ಆಚೆಗೇ ಹೋಗಿಬಿಟ್ಟೆ!

ಸಮಸ್ಯೆ ಕೊಟ್ಟವನು:

ಪುಟ್ಟೀ, ಅಜ್ಜಿಯ ಅಂಗಡಿಯಲ್ಲಿ ಎರಡು ಬಟ್ಟಲು ಕೊಂಡಿದ್ದೆ. ಒಂದು ರಾಯರಿಗೆ, ಒಂದು ನಿನಗೆ. ಊರಿಗೆ ಬರುವಾಗ ಚೆಕ್-ಇನ್ ಸಾಮಾನಿಗೆ ಹಾಕಲ್ಲ, ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೇ ಇಟ್ಟುಕೊಂಡು ತರುತ್ತೇನೆ.