ರವಿವಾರ ಉಳಿಯಬೇಕೆಂದರೆ ಬಕೆಟ್ ಕೊನೆಗೆ ಹಿಡಿ

ಹಲೋ, ಗ್ರೂಪಿನ ಎಲ್ಲರಿಗೂ ನಮಸ್ಕಾರ. ಇಷ್ಟುದ್ದ ಟೈಪ್ ಮಾಡುತ್ತಾ ಕೂರಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಬೇಕಾದವರು ಕೇಳಿ, ಬೇಡವಾದವರು ಮುಂದೆ ಹೋಗಿ, ನನಗೇನೂ ಸಿಟ್ಟಿಲ್ಲ.

ತಂಗೀ, ನಿನ್ನ ಮೆಸೇಜು ನೋಡಿದೆ. ಇಬ್ಬರೂ ಡ್ಯೂಟಿಗೆ ಹೋಗುತ್ತೀರಿ. ರವಿವಾರ ಮುಂಜಾನೆ ನಾಷ್ಟಾ ಮುಗಿಸಿ ಮನೆ ಸ್ವಚ್ಛ ಮಾಡಲು ನಿಂತರೆ ಮಧ್ಯಾಹ್ನ ಮೂರಾದರೂ ಮುಗಿಯುವುದಿಲ್ಲ. ಮಂಗಳವಾರ ನೋಡಿದರೆ ಟೀಪಾಯಿ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. 'ಕಾಕು, ನೀವು ಹೇಗೆ ಬೇಗ ಮುಗಿಸುತ್ತೀರಿ' ಅಂತ ಕೇಳಿದ್ದೀಯ. ಅದರ ಕೆಳಗೆ ಧಾರವಾಡದ ಅಕ್ಕ 'ನಳ ಬಂದ ದಿನ ಇಡೀ ಮನೆ ತೊಳೆದುಬಿಡು' ಅಂದರು. ಗದಗದ ಭಾವನವರು ಕಸ ಹೊಡೆಯುವ ರೋಬೋಟ್ ತಗೊಳ್ಳಲು ಹೇಳಿದರು. ಹಾವೇರಿಯಿಂದ ಮೈದುನ ಒಂದು ಫಾರ್ವರ್ಡ್ ಹಾಕಿದ, ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಅದು ಬಹಳ ಮುಖ್ಯ.

ಮೊದಲು ನಿನ್ನ ಮನೆ ಇರುವ ಊರು ಯಾವುದು ಹೇಳು. ಹುಬ್ಬಳ್ಳಿ. ಸುತ್ತ ಎಲ್ಲಾ ಎರೆ ಮಣ್ಣು. ರಸ್ತೆ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಅಗೆದಿರುತ್ತಾರೆ. ನಮ್ಮ ಈ ಧೂಳು ಒಣಗಿದ್ದಾಗ ಊದಿದರೆ ಹಾರುತ್ತದೆ, ನೀರು ಬಿದ್ದರೆ ಅಂಟುತ್ತದೆ. ಹೊಲದಲ್ಲಿ ಮಳೆ ಆದ ಮೇಲೆ ಚಪ್ಪಲಿ ಎತ್ತಲು ಬರುವುದಿಲ್ಲ ಅಲ್ವಾ, ಮನೆಯೊಳಗೆ ಬರುವುದೂ ಅದೇ ಮಣ್ಣು. ನೀನು ಬರೆದದ್ದು ಓದಿದರೆ ಬಕೆಟ್ ತುಂಬುವುದರಿಂದಲೇ ನಿನ್ನ ಕೆಲಸ ಶುರುವಾಗುತ್ತದೆ. ಒದ್ದೆ ಅರಿವೆಯಿಂದ ಕಪಾಟು, ಒದ್ದೆ ಅರಿವೆಯಿಂದ ಕಿಡಕಿ, ಒದ್ದೆ ಅರಿವೆಯಿಂದ ಫ್ಯಾನು. ಅಂದರೆ ಧೂಳನ್ನು ನೀನೇ ಕೆಸರು ಮಾಡಿ, ಆ ಕೆಸರನ್ನು ನೀನೇ ತಿಕ್ಕುತ್ತೀಯ. ಅಲ್ಲಿಯೇ ನಿನ್ನ ಅರ್ಧ ದಿನ ಹೋಗುತ್ತಿದೆ. ಒಣ ಕೆಲಸ ಎಲ್ಲಾ ಮುಗಿಯುವ ತನಕ ಧೂಳಿಗೆ ನೀರು ಮುಟ್ಟಿಸಬೇಡ. ನಾನು ಹೇಳುವುದು ಇಷ್ಟೇ. ಉಳಿದದ್ದೆಲ್ಲಾ ಇದರ ವಿವರಣೆ.

ಕಿಡಕಿಯನ್ನೇ ತಗೋ. ನಿಮ್ಮದು ಜಾರಿಸುವ ಅಲ್ಯೂಮಿನಿಯಂ ಕಿಡಕಿ. ಕೆಳಗಿನ ಹಳಿಯಲ್ಲಿ, ಅದೇ ಬಾಗಿಲು ಓಡಾಡುವ ಸಂದಿಯಲ್ಲಿ, ಏನಿರುತ್ತದೆ ಒಮ್ಮೆ ಬಗ್ಗಿ ನೋಡು. ಕರಿ ಮಣ್ಣು, ಸತ್ತ ಸೊಳ್ಳೆ, ಕೂದಲು, ಪಾರಿವಾಳದ ಪುಕ್ಕ. ಅದರೊಳಗೆ ಚೊಂಬು ನೀರು ಸುರಿದೆ ಅಂದರೆ ಎಲ್ಲಾ ಸೇರಿ ಮೂಲೆಗೆ ಹೋಗಿ ಕೂರುತ್ತದೆ. ಅಲ್ಲಿ ಬೆರಳೂ ಹೋಗುವುದಿಲ್ಲ, ಅರಿವೆಯೂ ಹೋಗುವುದಿಲ್ಲ. ಅದೇ ಒಣಗಿದ್ದಾಗ ಬಣ್ಣ ಹಚ್ಚುವ ಹಳೇ ಬ್ರಷ್ ಒಂದು ತಗೊಂಡು ಮೂಲೆಯಿಂದ ನಡುವಿಗೆ ಎಳೆ. ಎಲ್ಲಾ ಒಂದು ಗುಂಪಾಗಿ ಬರುತ್ತದೆ. ಹಳೇ ಪೋಸ್ಟ್‌ಕಾರ್ಡೋ ಲಗ್ನಪತ್ರಿಕೆಯೋ ಮಡಿಚಿ ಎತ್ತಿ ಕಸಕ್ಕೆ ಹಾಕು. ಆಮೇಲೆ ಹಿಂಡಿದ ಅರಿವೆ ಒಮ್ಮೆ ಎಳೆದರೆ ಸಾಕು. ಚೊಂಬು ನೀರು ಬೇಡ, ತಿಕ್ಕುವುದೂ ಬೇಡ. ಪುಕ್ಕ, ಹಿಕ್ಕೆ ಇದ್ದ ಕಡೆ ಮಾತ್ರ ಮೂಗಿಗೆ ಅರಿವೆ ಕಟ್ಟಿಕೋ, ಒಣ ಹಿಕ್ಕೆಯನ್ನು ಕೆದಕಬೇಡ, ಅದೊಂದನ್ನು ನೆನೆಸಿಯೇ ತೆಗಿ.

ಫ್ಯಾನಿಗೂ ಹಾಗೇ. ಒಗೆಯಲು ಹಾಕಬೇಕಾದ ದಿಂಬಿನ ಕವರ್ ಇರುತ್ತದಲ್ಲ, ಅದನ್ನು ರೆಕ್ಕೆಗೆ ತೊಡಿಸಿ ಎರಡೂ ಕಡೆ ಒತ್ತಿ ಎಳೆ. ಧೂಳು ಕವರಿನೊಳಗೇ ಬೀಳುತ್ತದೆ, ಹಾಸಿಗೆ ಮೇಲೆ ಬೀಳುವುದಿಲ್ಲ. ಮೊದಲು ಸ್ವಿಚ್ ಬಂದ್ ಮಾಡು, ಇದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಇನ್ನೊಂದು. ನೀನು ಒಂದು ಖೋಲಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುತ್ತೀಯ. ಬಹಳ ಜನ ಹಾಗೇ ಮಾಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಕಸಬರಿಗೆ ಇಡು, ಅರಿವೆ ಹಿಡಿ, ಅರಿವೆ ಇಡು, ಮತ್ತೆ ಕಸಬರಿಗೆ ಹುಡುಕು. ಇದರ ಬದಲು ಒಂದು ಕೆಲಸವನ್ನು ಇಡೀ ಮನೆಗೆ ಮಾಡು. ಜೇಡರ ಬಲೆ ತೆಗೆಯುವ ಕೋಲು ಕೈಯಲ್ಲಿದೆಯಾ, ಪಡಸಾಲೆಯಿಂದ ಹಿತ್ತಲ ತನಕ ಬಲೆ ಒಂದೇ ತೆಗಿ. ಆಮೇಲೆ ಫ್ಯಾನು, ಕಪಾಟಿನ ಮೇಲಿನ ಧೂಳು. ಮೇಲಿನದು ಕೆಳಗೆ ಬಿದ್ದ ಮೇಲೆ ಕಸ ಹೊಡಿ. ಕಸ ಹೊಡೆಯುವಾಗ ಫ್ಯಾನು ಹಾಕಬೇಡ, ಸೆಖೆ ಆದರೂ ತಡಕೋ. ಕೊನೆಗೆ ಒರೆಸು.

ಆದರೆ ಇದಕ್ಕೂ ಮೊದಲು ಒಂದು ಬುಟ್ಟಿ ಬೇಕು. ನಿಜವಾಗಿ ಸಮಯ ತಿನ್ನುವುದು ಸ್ವಚ್ಛ ಮಾಡುವುದಲ್ಲ, ಸಾಮಾನು ಎತ್ತಿಡುವುದು. ಸೋಫಾ ಮೇಲೆ ಮಗುವಿನ ಕಾಲುಚೀಲ ಸಿಕ್ಕಿತು, ಅದನ್ನು ಇಡಲು ಒಳಗೆ ಹೋದೆ, ಅಲ್ಲಿ ಕಪಾಟು ತೆರೆದಿತ್ತು, ಮಡಿಚುತ್ತಾ ನಿಂತೆ. ಮುಗಿಯಿತು ಕಥೆ. ಬುಟ್ಟಿ ಹಿಡಿದು ಮನೆ ತುಂಬಾ ತಿರುಗು, ಎಲ್ಲೆಲ್ಲೋ ಬಿದ್ದದ್ದನ್ನೆಲ್ಲಾ ಅದರಲ್ಲಿ ಹಾಕು, ಬುಟ್ಟಿಯನ್ನು ಮಂಚದ ಮೇಲಿಡು. ವಿಂಗಡಿಸುವುದು ಸಂಜೆ ಟಿವಿ ನೋಡುತ್ತಾ ಮಾಡಬಹುದು. ಮಂಚದ ಮೇಲೆ ಇಡಲು ಯಾಕೆ ಹೇಳಿದೆ ಅಂದರೆ, ಮಲಗಬೇಕಾದರೆ ಅದನ್ನು ಖಾಲಿ ಮಾಡಲೇಬೇಕು.

ಅಡುಗೆಮನೆ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನಮ್ಮ ಕಡೆಯ ಅಡುಗೆಮನೆಯೇ ಬೇರೆ. ಯೂಟ್ಯೂಬ್‌ನಲ್ಲಿ ತೋರಿಸುವವರಿಗೆ ಜೋಳದ ರೊಟ್ಟಿ ಗೊತ್ತಿಲ್ಲ. ದಿನಾ ರೊಟ್ಟಿ ಬಡಿದರೆ ಹಿಟ್ಟು ಹಾರುತ್ತದೆ. ಗ್ಯಾಸಿನ ಹಿಂದಿನ ಟೈಲ್ಸು, ಡಬ್ಬಿಯ ಮುಚ್ಚಳ, ಮಿಕ್ಸರ್ ಮೇಲೆ ತೆಳ್ಳಗೆ ಕೂರುತ್ತದೆ. ಅದರ ಮೇಲೆ ಒಗ್ಗರಣೆಯ ಎಣ್ಣೆ ಹಬೆ ಕೂತಿತೋ, ಕೈಗೆ ಅಂಟಂಟು. ಇದಕ್ಕೆ ಕುದಿಯುವ ನೀರು ಸುರಿಯುವವರಿದ್ದಾರೆ. ರೊಟ್ಟಿ ಹಿಟ್ಟು ನಾದುವಾಗ ಎಸರು ಯಾಕೆ ಹಾಕುತ್ತೇವೆ? ಹಿಟ್ಟು ಹಿಡಿದುಕೊಳ್ಳಲಿ ಅಂತ ತಾನೇ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ, ಬಿಸಿ ನೀರು ಬಿದ್ದರೇನೇ ಅದು ಅಂಟಾಗುವುದು. ಹಾಗಾದರೆ ಟೈಲ್ಸಿನ ಮೇಲೂ ಅದೇ ಆಗುತ್ತದೆ. ಅದಕ್ಕೇ ರೊಟ್ಟಿ ಮುಗಿದ ಕೂಡಲೇ ಒಣ ಬ್ರಷ್‌ನಿಂದ ಹಿಟ್ಟು ಜಾಡಿಸಿಬಿಡು, ಒಂದೇ ನಿಮಿಷದ ಕೆಲಸ. ಹಿಟ್ಟು ನಾದಿದ ಪರಾತಕ್ಕೆ ತಣ್ಣೀರು ಹಾಕಿ ನೆನೆಯಲು ಬಿಡು, ಬಿಸಿ ನೀರು ಬೇಡ.

ಈಗಾಗಲೇ ಹಳದಿಯಾಗಿ ಕೂತ ಜಿಡ್ಡಿಗೆ ಬಟ್ಟೆ ಸೋಡಾ. ಮೊದಲು ಒಣ ಹಿಟ್ಟು ಜಾಡಿಸಿಕೋ. ಆಮೇಲೆ ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಹಾಕಿ, ಅರಿವೆ ಅದ್ದಿ ಟೈಲ್ಸಿಗೆ ಅಂಟಿಸಿ ಹತ್ತು ನಿಮಿಷ ಬಿಟ್ಟುಬಿಡು. ಜಿಡ್ಡು ತಾನೇ ಬಿಡುತ್ತದೆ, ನೀನು ಬರೀ ಒರೆಸುವುದು. ಕೈಗೆ ಗ್ಲೌಸ್ ಹಾಕು, ಚರ್ಮ ಸುಲಿಯುತ್ತದೆ. ಅಲ್ಯೂಮಿನಿಯಂ ಬಾಂಡೆಗೆ ಮಾತ್ರ ಈ ನೀರು ತಾಗಿಸಬೇಡ, ಕಪ್ಪಾಗುತ್ತವೆ.

ಈ 'ಬಿಟ್ಟುಬಿಡು' ಅನ್ನುವುದನ್ನು ಸ್ವಲ್ಪ ತಲೆಯಲ್ಲಿಟ್ಟುಕೋ. ತಿಕ್ಕುವ ಶಕ್ತಿ ನಿನ್ನದು, ನೆನೆಸುವ ಶಕ್ತಿ ಬಿಟ್ಟಿ. ರವಿವಾರ ಎದ್ದ ಕೂಡಲೇ ಮೂರು ಕಡೆ ನೆನೆಹಾಕು. ಸಂಡಾಸಕ್ಕೆ ಕ್ಲೀನರ್ ಹಾಕು, ಗ್ಯಾಸಿನ ಬರ್ನರ್ ಬಿಸಿ ಸಾಬೂನು ನೀರಿನಲ್ಲಿ ಮುಳುಗಿಸು, ವಾಷಿಂಗ್ ಮಷೀನು ಶುರು ಮಾಡು. ಆಮೇಲೆ ಚಹಾ ಕುಡಿ. ನೀನು ಬಲೆ ತೆಗೆದು ಕಸ ಹೊಡೆದು ಬರುವಷ್ಟರಲ್ಲಿ ಅವೆಲ್ಲಾ ಮೆತ್ತಗಾಗಿರುತ್ತವೆ.

ಬಚ್ಚಲಿನ ನಳಕ್ಕೆ ಬಿಳಿ ಪೊರೆ ಕೂರುತ್ತದೆ ಅಂತ ನೀನು ಬರೆದಿದ್ದೆ. ಅದು ಬೋರಿನ ನೀರಿನ ಸುಣ್ಣ. ಸಾಬೂನಿನಿಂದ ಹೋಗುವುದಿಲ್ಲ, ಸೋಡಾದಿಂದಲೂ ಹೋಗುವುದಿಲ್ಲ. ಅದಕ್ಕೆ ಹುಳಿ ಬೇಕು. ಹಿಂಡಿ ಉಳಿದ ನಿಂಬೆ ಹೋಳು ಸಾಕು, ಇಲ್ಲವೆಂದರೆ ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್ ಒಂದು ಚಮಚ ನೀರಿನಲ್ಲಿ ಕರಗಿಸಿ, ಅರಿವೆ ನೆನೆಸಿ ನಳಕ್ಕೆ ಸುತ್ತು. ಅರ್ಧ ಗಂಟೆ ಬಿಟ್ಟು ತೊಳಿ.

ಆದರೆ ನೆಲಕ್ಕೆ ಹುಳಿ ಬೇಡ. ಇದನ್ನು ಹಳೇ ಹುಬ್ಬಳ್ಳಿ ಮನೆಯಲ್ಲಿರುವವರೆಲ್ಲಾ ಕೇಳಿ. ಶಹಾಬಾದ ಫರಸಿ, ಕಡಪಾ ಕಲ್ಲು ಎರಡೂ ಸುಣ್ಣದ ಕಲ್ಲುಗಳೇ. ನಳದ ಮೇಲಿನ ಸುಣ್ಣ ತಿನ್ನುವ ಹುಳಿ ಫರಸಿಯನ್ನೂ ತಿನ್ನುತ್ತದೆ. ಹೊಳಪು ಹೋಗಿ ಬೆಳ್ಳಗೆ ಕಲೆ ಉಳಿಯುತ್ತದೆ, ಆಮೇಲೆ ಎಷ್ಟು ಒರೆಸಿದರೂ ಅದು ಕೊಳೆಯ ಹಾಗೇ ಕಾಣುತ್ತದೆ. ಮಾರ್ಬಲ್ಲಿಗೂ ಮೊಸಾಯಿಕ್‌ಗೂ ಇದೇ ಮಾತು. ನೆಲಕ್ಕೆ ಅರ್ಧ ಬಕೆಟ್ ನೀರು, ಬಾಂಡೆ ತಿಕ್ಕುವ ಲಿಕ್ವಿಡ್ ನಾಲ್ಕು ಹನಿ, ಅಷ್ಟೇ. ನೀರು ಕರ್ರಗಾದರೆ ಬದಲಿಸು.

ಈಗ ಮೈದುನ ಹಾಕಿದ ಫಾರ್ವರ್ಡ್. ಅಡುಗೆ ಸೋಡಾ, ವಿನೆಗರ್, ಬ್ಲೀಚಿಂಗ್ ಪುಡಿ, ಸಂಡಾಸದ ಕ್ಲೀನರ್ ಎಲ್ಲಾ ಒಂದೇ ಬಾಟಲಿಯಲ್ಲಿ ಕಲಸಿದರೆ 'ಮನೆ ಫಳಫಳ' ಅಂತೆ. ದಯವಿಟ್ಟು ಯಾರೂ ಮಾಡಬೇಡಿ. ಸಂಡಾಸದ ಕ್ಲೀನರ್‌ಗಳಲ್ಲಿ ಬಹಳಷ್ಟಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಅದಕ್ಕೆ ಬ್ಲೀಚಿಂಗ್ ಪುಡಿ ಸೇರಿದರೆ ಕ್ಲೋರಿನ್ ಗ್ಯಾಸು ಏಳುತ್ತದೆ. ನಮ್ಮ ಬಚ್ಚಲುಗಳೋ, ಒಂದು ಸಣ್ಣ ಕಿಡಕಿ, ಅದಕ್ಕೂ ಸೊಳ್ಳೆ ಬರುತ್ತದೆ ಅಂತ ಪ್ಲೈವುಡ್ ಹೊಡೆದಿರುತ್ತೇವೆ. ಆ ಗ್ಯಾಸು ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೇ ಪೆಟ್ಟು, ಜೀವಕ್ಕೂ ಅಪಾಯ. ಬ್ಲೀಚಿಂಗ್ ಪುಡಿಗೆ ವಿನೆಗರ್ ಸೇರಿದರೂ ಇದೇ ಗತಿ. ಒಂದು ಬಳಸಿದ ದಿನ ಇನ್ನೊಂದು ಬೇಡ. ಇನ್ನು ಸೋಡಾಕ್ಕೆ ವಿನೆಗರ್ ಹಾಕಿದರೆ ಬುರುಬುರು ನೊರೆ ಬರುತ್ತದೆ, ನೋಡಲು ಚಂದ. ನೊರೆ ಇಳಿದ ಮೇಲೆ ಹುಳಿಯೂ ಇಲ್ಲ, ಸೋಡಾವೂ ಇಲ್ಲ, ಹೆಚ್ಚುಕಡಿಮೆ ಉಪ್ಪು ನೀರು. ಸುಮ್ನೆ ಎರಡೂ ಸಾಮಾನು ಹಾಳು. ಮೈದುನಾ, ಅದನ್ನು ಗ್ರೂಪಿನಿಂದ ಡಿಲೀಟ್ ಮಾಡಿಬಿಡು, ನೀನು ಒಳ್ಳೆಯದಕ್ಕೇ ಹಾಕಿದ್ದೀ ಅಂತ ಗೊತ್ತು.

ಅಕ್ಕಾ, ನಿಮ್ಮ ಮಾತಿಗೂ ಉತ್ತರ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಧಾರವಾಡದ ಕಥೆ ಬೇರೆ. ಇಪ್ಪತ್ತು ಕಿಲೋಮೀಟರ್ ಅಂತರ ಅಷ್ಟೇ, ಆದರೆ ನಿಮ್ಮಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಗೋಡೆಗೆ ಬೂಸ್ಟು, ನಮ್ಮಲ್ಲಿ ಅದೇ ಹೊತ್ತಿಗೆ ಗಾಳಿಗೆ ಬಾಗಿಲು ಬಡಿಯುತ್ತಿರುತ್ತದೆ. ನಿಮಗಂತೂ ಮಳೆಗಾಲದಲ್ಲಿ ನೀರು ಕಡಿಮೆಯೇ ಇರಲಿ, ಮಾಪ್ ಗಟ್ಟಿ ಹಿಂಡಿ ಫ್ಯಾನು ಹಾಕಿಬಿಡಿ. ಇವಳಿಗೆ ಮಲಪ್ರಭೆ ನೀರು ಬರುವುದೇ ಬಿಟ್ಟು ಬಿಟ್ಟು. ನಳ ಬಂದ ಹೊತ್ತಿನಲ್ಲಿ ಟಾಕಿ ತುಂಬಬೇಕೋ ಮನೆ ತೊಳೆಯಬೇಕೋ? ಆ ನೀರು ಕುಡಿಯಲು, ಕೌದಿ ಒಗೆಯಲು ಇರಲಿ. ಬಟ್ಟೆ ಜಾಲಿಸಿದ ಕೊನೆಯ ನೀರು ಹಿಡಿದಿಟ್ಟರೆ ಅಂಗಳಕ್ಕೂ ಬಚ್ಚಲಿಗೂ ಆಯಿತು. ಮನೆ ತೊಳೆಯುವುದು ಮಹಾನವಮಿಗೆ ಒಮ್ಮೆ ಇದ್ದೇ ಇದೆ, ಪ್ರತಿ ವಾರ ಯಾಕೆ?

ಭಾವನವರೇ, ರೋಬೋಟ್ ಕೆಟ್ಟದ್ದು ಅನ್ನುವುದಿಲ್ಲ. ಆದರೆ ಇವಳ ಬಾಡಿಗೆ ಮನೆಯಲ್ಲಿ ಪ್ರತಿ ಖೋಲಿಗೂ ಹೊಸ್ತಿಲು ಇದೆ. ಅದನ್ನು ಎತ್ತಿ ಎತ್ತಿ ದಾಟಿಸಲು ಒಬ್ಬರು ಬೇಕು. ಆ ದುಡ್ಡಿಗೆ ಬಾಗಿಲಿನ ಹೊರಗೊಂದು, ಒಳಗೊಂದು ದಪ್ಪ ಕಾಲೊರಸು ಹಾಕಲಿ, ಚಪ್ಪಲಿ ಸ್ಟ್ಯಾಂಡ್ ಹೊರಗಿಡಲಿ. ಧೂಳು ಒಳಗೆ ಬರುವುದೇ ಕಡಿಮೆಯಾಗುತ್ತದೆ. ರಸ್ತೆ ಕಡೆಯ ಕಿಡಕಿಯನ್ನು ಗಾಡಿ ಜಾಸ್ತಿ ಓಡಾಡುವ ಹೊತ್ತಿನಲ್ಲಿ ಮುಚ್ಚಿದರೂ ಎಷ್ಟೋ ಫರಕು ಬೀಳುತ್ತದೆ.

ವಾರದ ನಡುವೆ ಏನು ಮಾಡಲಿ ಅಂತ ಕೇಳುತ್ತೀ, ಗೊತ್ತು. ನೀನು ಮನೆಗೆ ಬರುವುದೇ ಏಳು ಗಂಟೆಗೆ. ದೀಪ ಹಚ್ಚಿದ ಮೇಲೆ ಕಸ ಹೊಡೆಯಬಾರದು ಅಂತ ನಿನ್ನ ಅತ್ತೆ ಒಪ್ಪುವುದಿಲ್ಲ. ಒಪ್ಪದಿದ್ದರೆ ಬಿಡು, ಜಗಳ ಬೇಡ. ಕೋಲಿನ ಮಾಪ್‌ಗೆ ಒಣ ಮೈಕ್ರೋಫೈಬರ್ ಅರಿವೆ ಸಿಕ್ಕಿಸಿ ಪಡಸಾಲೆಯಲ್ಲಿ ಒಮ್ಮೆ ಎಳೆ. ಧೂಳು ಅರಿವೆಗೇ ಹಿಡಿದುಕೊಳ್ಳುತ್ತದೆ, ಹಾರುವುದಿಲ್ಲ. ಕಸಬರಿಗೆ ಮುಟ್ಟಿಲ್ಲ, ಲಕ್ಷ್ಮಿಯೂ ಹೊರಗೆ ಹೋಗಲಿಲ್ಲ. ಅರಿವೆಯನ್ನು ಮುಂಜಾನೆ ಹಿತ್ತಲಲ್ಲಿ ಜಾಡಿಸಿದರಾಯಿತು.

ಮತ್ತೆ ಅಳಿಯಂದಿರೇ, ನೀವೂ ಗ್ರೂಪಿನಲ್ಲಿದ್ದೀರಿ, ನೀಲಿ ಟಿಕ್ ಬಂದಿದೆ. ಫ್ಯಾನು, ಅಟ್ಟ, ಸಂಡಾಸ, ಈ ಮೂರೂ ನಿಮ್ಮ ಪಾಲಿಗೆ ಬರೆದಿದ್ದೇನೆ. ನೀವು ಎತ್ತರ ಇದ್ದೀರಿ, ಸ್ಟೂಲೂ ಬೇಕಾಗುವುದಿಲ್ಲ. ತಕರಾರು ಇದ್ದರೆ ಇಲ್ಲಿ ಬರೆಯಬೇಡಿ, ನನಗೆ ಬೇರೆ ಫೋನ್ ಮಾಡಿ.