ಟರ್ಬೈನ್ ದಾಟಿದ ಹಬೆಯನ್ನು ಮತ್ತೆ ನೀರಾಗಿಸುವುದು ಏಕೆ?

ಪ್ರಶ್ನೆ (ವಿಜ್ಞಾನ ಶಿಕ್ಷಕ, ಲಿಂಗಸುಗೂರು):
ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯ ಮಕ್ಕಳಿಗೆ ನಮ್ಮ ಜಿಲ್ಲೆಯದೇ ಆದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರವನ್ನು ಉದಾಹರಣೆಯಾಗಿ ಇಟ್ಟುಕೊಂಡು, ಕಲ್ಲಿದ್ದಲಿನಿಂದ ವಿದ್ಯುತ್ ಬರುವ ಬಗೆಯನ್ನು ವಿವರಿಸುತ್ತಿದ್ದೆ. ಆಗ ಒಬ್ಬ ವಿದ್ಯಾರ್ಥಿನಿ, "ಸರ್, ಅಷ್ಟು ಕಲ್ಲಿದ್ದಲು ಸುಟ್ಟು ಮಾಡಿದ ಹಬೆಯನ್ನು ತಣಿಸಿ ನೀರು ಮಾಡಿ, ಅದೇ ನೀರನ್ನು ಮತ್ತೆ ಕಾಯಿಸುವ ಬದಲು ಹಬೆಯನ್ನೇ ಬಾಯ್ಲರಿಗೆ ಕಳಿಸಬಾರದೇ?" ಎಂದು ಕೇಳಿದಳು. ಮಕ್ಕಳಿಗೆ ಅರ್ಥವಾಗುವಂತೆ ಉತ್ತರಿಸಲು ನನಗೆ ಆಗಲಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ನಿವೃತ್ತ ಆಪರೇಷನ್ ಎಂಜಿನಿಯರ್):
ಮೇಷ್ಟ್ರೇ, ಆ ಹುಡುಗಿಯ ಪ್ರಶ್ನೆ ಬಹಳ ಒಳ್ಳೆಯದು. ಇಡೀ ಕೇಂದ್ರದ ಗುಟ್ಟು ಅದರಲ್ಲಿಯೇ ಇದೆ. 210 ಮೆಗಾವ್ಯಾಟ್ ಘಟಕದಲ್ಲಿ ಹಬೆ ಸುಮಾರು 540 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ, ವಾತಾವರಣದ ಒತ್ತಡಕ್ಕಿಂತ ನೂರಕ್ಕೂ ಹೆಚ್ಚು ಪಟ್ಟು ಒತ್ತಡದೊಂದಿಗೆ ಟರ್ಬೈನನ್ನು (ವಿದ್ಯುತ್ ಜನಕವನ್ನು ನಡೆಸುವ ಅಲಗುಗಳ ಚಕ್ರವನ್ನು) ಹೊಕ್ಕು, ಅದನ್ನು ನಿಮಿಷಕ್ಕೆ 3000 ಸುತ್ತು ತಿರುಗಿಸಿ, ಕೊನೆಗೆ ವಾತಾವರಣದ ಹತ್ತನೆಯ ಒಂದು ಪಾಲಿನಷ್ಟು ಒತ್ತಡಕ್ಕೆ ಇಳಿದು ಹೊರಬರುತ್ತದೆ. ಆ ಸ್ಥಿತಿಯ ಒಂದು ಕಿಲೋ ಹಬೆ ಒಂದು ಸಣ್ಣ ಕೋಣೆಯನ್ನೇ ತುಂಬುತ್ತದೆ. ನೀರಾದರೆ ಒಂದು ಲೀಟರಿನ ಚೊಂಬಿನಲ್ಲಿ ಹಿಡಿಯುತ್ತದೆ. ಕೋಣೆಯಷ್ಟು ಹಬೆಯನ್ನು ಅದುಮಿ ಬಾಯ್ಲರಿನೊಳಕ್ಕೆ ನುಗ್ಗಿಸಲು ಹೊರಟರೆ ಟರ್ಬೈನ್ ಕೊಟ್ಟ ಶಕ್ತಿಯೆಲ್ಲ ಅದಕ್ಕೇ ಖರ್ಚಾಗಿ, ಇನ್ನಷ್ಟು ಬೇಕಾಗುತ್ತದೆ. ಚೊಂಬಿನ ನೀರನ್ನು ತಳ್ಳುವುದಕ್ಕಾದರೆ ಉತ್ಪಾದನೆಯ ನೂರರಲ್ಲಿ ಎರಡು ಮೂರು ಪಾಲು ಸಾಕು.

ಇನ್ನೊಂದು ಮಾತು: ಹಬೆ ನೀರಾಗಿ ಕುಗ್ಗುವುದರಿಂದಲೇ ಕಂಡೆನ್ಸರಿನಲ್ಲಿ, ಅಂದರೆ ಟರ್ಬೈನ್ ದಾಟಿದ ಹಬೆಯನ್ನು ತಣಿಸಿ ನೀರಾಗಿಸುವ ಸಾಧನದಲ್ಲಿ, ನಿರ್ವಾತ (ತೀರಾ ಕಡಿಮೆ ಒತ್ತಡ) ಉಳಿಯುತ್ತದೆ. ಬೇಸಿಗೆಯಲ್ಲಿ ತಂಪು ಮಾಡುವ ನೀರೇ ಬೆಚ್ಚಗಾದಾಗ ನಿರ್ವಾತ ಕುಸಿದು, ಟರ್ಬೈನಿನಲ್ಲಿ ಹಬೆ ಪೂರ್ತಿ ಹಿಗ್ಗಲಾಗದೆ ಉತ್ಪಾದನೆ ಇಳಿಯುತ್ತಿತ್ತು. ಪಾಳಿಯುದ್ದಕ್ಕೂ ನಮ್ಮ ಕಣ್ಣು ನಿರ್ವಾತದ ಮಾಪಕದ ಮೇಲೆಯೇ ಇರುತ್ತಿತ್ತು.

ಉತ್ತರ 2 (ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕಿ):
ಮೇಲಿನ ವಿವರಣೆ ಸರಿಯಾಗಿದೆ. ಆದರೆ ಅದಕ್ಕೆ ತೆರುವ ಬೆಲೆಯನ್ನೂ ಮಕ್ಕಳಿಗೆ ಹೇಳಬೇಕು. ಟಾಲ್ಕಂ ಪೌಡರಿನಷ್ಟು ನುಣ್ಣಗೆ ಅರೆದು ಉರಿಸಿದ ಕಲ್ಲಿದ್ದಲಿನ ಶಾಖದಲ್ಲಿ ಇಂಥ ಹಳೆಯ ಘಟಕಗಳು ಮೂರನೆಯ ಒಂದು ಪಾಲನ್ನಷ್ಟೇ ವಿದ್ಯುತ್ತಾಗಿಸುತ್ತವೆ. ಉಳಿದುದರಲ್ಲಿ ಬಹುಪಾಲು ಕಂಡೆನ್ಸರಿನ ತಂಪು ನೀರಿನೊಂದಿಗೆ ಹೋಗುತ್ತದೆ. ನಷ್ಟವನ್ನು ತಗ್ಗಿಸಲು ಇರುವ ದಾರಿಯೆಂದರೆ ಹಬೆಯ ತಾಪ ಮತ್ತು ಒತ್ತಡವನ್ನು ಏರಿಸುವುದು. ರಾಯಚೂರಿನ ಪಕ್ಕದ ಯರಮರಸಿನಲ್ಲಿ ತಲಾ 800 ಮೆಗಾವ್ಯಾಟಿನ ಎರಡು ಸೂಪರ್‌ಕ್ರಿಟಿಕಲ್ (ನೀರು, ಹಬೆ ಎಂಬ ಭೇದವೇ ಅಳಿಯುವಷ್ಟು ಹೆಚ್ಚಿನ ಒತ್ತಡ ಮತ್ತು ತಾಪದಲ್ಲಿ ನಡೆಯುವ) ಘಟಕಗಳನ್ನು ಕಟ್ಟಿದ್ದು ಈ ಕಾರಣಕ್ಕಾಗಿಯೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸೋಮವಾರ ತರಗತಿಗೆ ಒಂದು ಚೊಂಬು ನೀರು ತೆಗೆದುಕೊಂಡು ಹೋಗಿ, ಅಲ್ಲಿಂದಲೇ ಪಾಠ ಆರಂಭಿಸುತ್ತೇನೆ.