ದೇವಾಲಯದ ನೆಲನಕ್ಷೆಯಿಂದ ಸೀರೆಯ ಸೆರಗಿಗೆ: ನಕ್ಷತ್ರ ವಿನ್ಯಾಸದ ಹಿಂದಿನ ಕ್ರಮವೇನು?

ಪ್ರಶ್ನೆ
ನಾನು ಕೈಮಗ್ಗದ ಸೀರೆಗಳ ಸೆರಗಿಗೆ ವಿನ್ಯಾಸ ರಚಿಸುವವಳು. ಹೂಬಳ್ಳಿಗಳನ್ನು ನೋಡುವಾಗ ಹೊಳೆಯದ ಆಕೃತಿಗಳು ಹೊಯ್ಸಳ ದೇವಾಲಯಗಳ ನೆಲನಕ್ಷೆಗಳನ್ನು ನೋಡುವಾಗ ಹೊಳೆಯುತ್ತವೆ. ಸೋಮನಾಥಪುರದ ಕೇಶವ ದೇವಾಲಯದ ಮೂರು ಗರ್ಭಗುಡಿಗಳ ಹೊರಗೋಡೆಗಳೂ ಹದಿನಾರು ಮೂಲೆಗಳ ನಕ್ಷತ್ರದಂತಿವೆ. ಈ ಆಕಾರ ಹೇಗೆ ಹುಟ್ಟುತ್ತದೆ, ಆಕಾರವನ್ನೇ ನಕಲು ಮಾಡದೆ ಅದರ ಹಿಂದಿನ ಕ್ರಮವನ್ನಷ್ಟೇ ಬಳಸಿಕೊಳ್ಳುವುದು ಹೇಗೆ ಎಂಬುದನ್ನು ಬಲ್ಲವರು ವಿವರಿಸಬೇಕಾಗಿ ಕೋರುತ್ತೇನೆ.

ಉತ್ತರ 1
ರೇಖಾಗಣಿತದ ದೃಷ್ಟಿಯಿಂದ ಇದು ಬಹಳ ಸರಳವಾದುದು. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ 22.5 ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಚೌಕಗಳನ್ನು ಒಂದರ ಮೇಲೊಂದು ಬರೆದು, ಒಳಗಿನ ಗೆರೆಗಳನ್ನು ಅಳಿಸಿ ಹೊರಗಿನ ಅಂಚನ್ನು ಮಾತ್ರ ಉಳಿಸಿಕೊಂಡರೆ ಹದಿನಾರು ಲಂಬಕೋನದ ಮೂಲೆಗಳು ದೊರೆಯುತ್ತವೆ. ಗದಗ ಜಿಲ್ಲೆಯ ದಂಬಳದಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದ ದೊಡ್ಡಬಸಪ್ಪ ದೇವಾಲಯದ ಗರ್ಭಗುಡಿಗೆ ಇಪ್ಪತ್ತನಾಲ್ಕು ಮೂಲೆಗಳಿವೆ. ಅಲ್ಲಿಗೆ 15 ಡಿಗ್ರಿಯ ಅಂತರದ ಆರು ಚೌಕಗಳು ಬೇಕು. ಕೈವಾರ ಮತ್ತು ಮೂಲೆಮಟ್ಟವಿದ್ದರೆ ಮನೆಯಲ್ಲೇ ಬರೆದು ನೋಡಬಹುದು.

ಉತ್ತರ 2
ಮೇಲಿನ ವಿವರಣೆ ಸರಿಯಾಗಿದೆ. ಆದರೆ ಶಿಲ್ಪಗಳಿಗೆ ಹೆಚ್ಚು ಜಾಗ ಸಿಗಲೆಂದೇ ಗೋಡೆಯನ್ನು ಹೀಗೆ ಮಡಿಸಿದರು ಎಂದು ಪದೇ ಪದೇ ಕೇಳಿಬರುವ ಮಾತನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಲೆಕ್ಕ ಹಾಕಿದರೆ, ಮೂಲ ಚೌಕದ ಸುತ್ತಳತೆಗಿಂತ ಹದಿನಾರು ಮೂಲೆಯ ನಕ್ಷತ್ರದ ಸುತ್ತಳತೆ ಸುಮಾರು ಶೇಕಡಾ 33ರಷ್ಟು ಹೆಚ್ಚು. ಇಪ್ಪತ್ತನಾಲ್ಕು ಮೂಲೆಯದು ಸುಮಾರು ಶೇಕಡಾ 40ರಷ್ಟು. ಎಂಟು ಮೂಲೆಗಳನ್ನು ಹೆಚ್ಚಿಸಿ ಪಡೆದ ಲಾಭ ಅಷ್ಟೇ, ಅದೂ ಪ್ರತಿಯೊಂದು ಮುಖ ಕಿರಿದಾದ ಮೇಲೆ! ನನ್ನ ದೃಷ್ಟಿಯಲ್ಲಿ ನಿಜವಾದ ಗಳಿಕೆ ಬೆಳಕಿನದು. ಪ್ರತಿ ಮುಖವೂ ಬೇರೆ ದಿಕ್ಕಿಗೆ ತಿರುಗಿರುವುದರಿಂದ ಹೊತ್ತು ಏರಿದಂತೆ ಬಿಸಿಲು ಒಂದು ಮುಖದಿಂದ ಇನ್ನೊಂದಕ್ಕೆ ಸರಿಯುತ್ತದೆ, ಸೋಮನಾಥಪುರದಲ್ಲಿ ಅದೇ ಮಡಿಕೆಗಳು ಶಿಖರದವರೆಗೂ ಏರುತ್ತವೆ. ನೀವು ಎರವಲು ಪಡೆಯುವುದಿದ್ದರೆ ನಕ್ಷತ್ರವನ್ನಲ್ಲ, ಈ ನೆರಳು-ಬೆಳಕಿನ ಸರದಿಯನ್ನು ಪಡೆಯಿರಿ.

ಉತ್ತರ 3
ಕ್ರಮವನ್ನು ಮಾತ್ರ ಎರವಲು ಪಡೆದವರಲ್ಲಿ ಡಚ್ ಕಲಾವಿದ ಎಷರ್ ಮುಖ್ಯನು. 1936ರಲ್ಲಿ ಸ್ಪೇನಿನ ಅಲ್ಹಂಬ್ರಾ ಅರಮನೆಯ ಹೆಂಚಿನ ವಿನ್ಯಾಸಗಳನ್ನು ಅವನು ಶ್ರದ್ಧೆಯಿಂದ ನಕಲಿಸಿಕೊಂಡನು. ಆದರೆ ತನ್ನ ಚಿತ್ರಗಳಲ್ಲಿ ಆ ಹೆಂಚುಗಳನ್ನು ಮರುಬಳಸದೆ, ಸಂದಿಲ್ಲದೆ ಹೊಂದಿಕೊಳ್ಳುವ ಅವುಗಳ ನಿಯಮವನ್ನು ಮೀನು, ಹಕ್ಕಿ, ಹಲ್ಲಿಗಳಿಗೆ ಅನ್ವಯಿಸಿದನು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ವಂದನೆಗಳು. ಎರಡನೆಯ ಉತ್ತರದ ಸಲಹೆಯಂತೆ, ನಕ್ಷತ್ರದ ಒಂದೊಂದು ಮುಖಕ್ಕೂ ಒಂದೇ ಬಣ್ಣದ ಬೇರೆ ಬೇರೆ ಛಾಯೆಯ ರೇಷ್ಮೆಯನ್ನು ಕೊಡಲು ಯೋಚಿಸಿದ್ದೇನೆ. ತೊಡಕಿರುವುದು ಓರೆಗೆರೆಗಳಲ್ಲಿ: ಮಗ್ಗಕ್ಕೆ ಅವೆಲ್ಲವೂ ಮೆಟ್ಟಿಲುಗಳೇ. 45 ಡಿಗ್ರಿಯ ಗೆರೆ ಗ್ರಾಫ್ ಹಾಳೆಯಲ್ಲಿ ಸಲೀಸಾಗಿ ಕೂರುತ್ತದೆ, 22.5 ಡಿಗ್ರಿಯದು ಕೂರುವುದಿಲ್ಲ.

ಉತ್ತರ 2ರವರು
ಐದು ಮನೆ ಅಡ್ಡಲಾಗಿ ಸಾಗಿ ಎರಡು ಮನೆ ಮೇಲೇರಿದರೆ ಸುಮಾರು 21.8 ಡಿಗ್ರಿ ಆಗುತ್ತದೆ. ಕಣ್ಣಿಗೆ ವ್ಯತ್ಯಾಸ ತಿಳಿಯದು. ಆದರೆ ಹಾಸು ಮತ್ತು ಹೊಕ್ಕಿನ ಎಳೆಗಳ ದಟ್ಟಣೆ ಒಂದೇ ಆಗಿಲ್ಲದಿದ್ದರೆ ಹಾಳೆಯ ಮನೆಗಳನ್ನೂ ಅದೇ ಪ್ರಮಾಣದಲ್ಲಿ ಆಯತವಾಗಿ ಬರೆದುಕೊಂಡು ಮೆಟ್ಟಿಲುಗಳನ್ನು ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ, ಇಲ್ಲವಾದರೆ ನಕ್ಷತ್ರ ಒಂದು ಕಡೆಗೆ ಜಗ್ಗಿದಂತೆ ಕಾಣುತ್ತದೆ.